ನಡುವಯಸ್ಸಿನಲ್ಲಿ ಶಿಕ್ಷಕ ತರಬೇತಿ

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಹಲವು ವರ್ಷ ಬೇರೊಂದು ಉದ್ಯೋಗದಲ್ಲಿ ದುಡಿದು, ಇಲ್ಲವೇ ಮನೆಯ ಹೊಣೆ ಹೊತ್ತು, ನಡುವಯಸ್ಸಿನಲ್ಲಿ ಶಿಕ್ಷಕರಾಗಬೇಕೆಂದು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವವರ ಬಗ್ಗೆ ನನಗೆ ಅಪಾರ ಗೌರವವಿದೆ. ಈ ವಯಸ್ಸಿನಲ್ಲಿ ಓದು ತಲೆಗೆ ಹತ್ತುತ್ತದೆಯೇ ಎಂದು ಅವರನ್ನು ಎಲ್ಲರೂ ಕೇಳುತ್ತಾರೆ. ಖಂಡಿತ ಹತ್ತುತ್ತದೆ. ಹೊಸದನ್ನು ಗ್ರಹಿಸುವ ವೇಗ ವಯಸ್ಸಾದಂತೆ ತುಸು ತಗ್ಗುವುದು ನಿಜವಾದರೂ ಪದಸಂಪತ್ತು ಮತ್ತು ಲೋಕಜ್ಞಾನ ನಡುವಯಸ್ಸಿನಲ್ಲಿಯೂ ಬೆಳೆಯುತ್ತಲೇ ಇರುತ್ತವೆ. ಓದುವ ಕ್ರಮವನ್ನು ಮಾತ್ರ ಬದಲಿಸಿಕೊಳ್ಳಬೇಕು. ಓದಿದ್ದನ್ನೇ ಮತ್ತೆ ಮತ್ತೆ ಓದಿದವರಿಗಿಂತ, ಪುಟ ಮುಚ್ಚಿಟ್ಟು ನೆನಪಿನಿಂದ ಬರೆದು ನೋಡಿದವರಿಗೆ ಒಂದು ವಾರದ ಬಳಿಕ ಹೆಚ್ಚು ವಿಷಯ ನೆನಪಿರುತ್ತದೆ ಎಂಬುದನ್ನು ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ದಿನಕ್ಕೆ ಒಂದೆರಡು ಗಂಟೆಯಷ್ಟೇ ಬಿಡುವು ಸಿಗುವವರಿಗೆ ಇದು ತುಂಬ ಉಪಯುಕ್ತವಾದ ತಿಳಿವಳಿಕೆ.

ನಿಜವಾದ ಕಷ್ಟ ಇರುವುದು ಬೇರೆ ಕಡೆ. ನಾವೆಲ್ಲರೂ ಬಾಲ್ಯದಲ್ಲಿ ಸಾವಿರಾರು ಗಂಟೆ ತರಗತಿಯಲ್ಲಿ ಕುಳಿತು ಶಿಕ್ಷಕರನ್ನು ನೋಡಿದ್ದೇವೆ; ಹಾಗಾಗಿ ಆ ಕೆಲಸ ನಮಗೆ ಗೊತ್ತೆಂದೇ ಭಾವಿಸಿರುತ್ತೇವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲೋರ್ಟಿ 1975ರಲ್ಲಿ ಈ ಸಂಗತಿಯತ್ತ ಗಮನ ಸೆಳೆದರು. ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಶಿಕ್ಷಕರ ಮಾತು ಮತ್ತು ನಡೆ ಮಾತ್ರ. ಅದರ ಹಿಂದಿನ ಸಿದ್ಧತೆಯಾಗಲಿ, ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯಾಗಲಿ ಅಲ್ಲಿಂದ ಕಾಣುವುದಿಲ್ಲ. ದಶಕಗಳ ನಂತರ ತರಬೇತಿಗೆ ಬಂದವರ ಮನಸ್ಸಿನಲ್ಲಿ ಆ ಹಳೆಯ ಚಿತ್ರ ಇನ್ನಷ್ಟು ಗಟ್ಟಿಯಾಗಿ ಕುಳಿತಿರುತ್ತದೆ.

ಒಂದು ಉದಾಹರಣೆ ನೋಡೋಣ. ಬಹುಕಾಲ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವರೊಬ್ಬರು ಬೋಧನಾಭ್ಯಾಸಕ್ಕೆ ಶಾಲೆಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ನಾಲ್ಕನ್ನು ಅರ್ಧದಿಂದ ಭಾಗಿಸಿದರೆ ಎಂಟು ಎಂದು ಅವರು ಹಲಗೆಯ ಮೇಲೆ ಬರೆದಾಗ, ಭಾಗಿಸಿದರೆ ಕಡಿಮೆಯಾಗಬೇಕಲ್ಲವೇ, ಹೆಚ್ಚಾದದ್ದು ಹೇಗೆ ಎಂದು ಒಂದು ಮಗು ಕೇಳುತ್ತದೆ. ಭಾಜಕವನ್ನು ತಿರುಗಿಸಿ ಗುಣಿಸು ಎಂಬ ನಿಯಮ ಅವರಿಗೆ ಕರತಲಾಮಲಕ. ಆದರೆ ಮಗು ಕೇಳಿದ್ದು ನಿಯಮವನ್ನಲ್ಲ. ನಾಲ್ಕು ಕಾಗದದ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿ, ಇದರಲ್ಲಿ ಎಷ್ಟು ಅರ್ಧ ಪಟ್ಟಿಗಳಿವೆ, ಎಣಿಸು ಎಂದರೆ ಮಗುವೇ ಎಂಟು ಎನ್ನುತ್ತದೆ. ಲೆಕ್ಕ ಬಲ್ಲವರಿಗೂ ಲೆಕ್ಕ ಕಲಿಸಬಲ್ಲವರಿಗೂ ಇರುವ ಈ ಅಂತರವನ್ನು ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಸ್ಪಷ್ಟವಾಗಿ ಗುರುತಿಸಿದರು: ವಿಷಯವನ್ನು ಮಕ್ಕಳಿಗೆ ಎಟುಕುವಂತೆ ಮಾಡುವುದೇ ಒಂದು ಪ್ರತ್ಯೇಕ ಜ್ಞಾನ. ಕಾಲೇಜಿಗೆ ಮರಳಬೇಕಾದದ್ದು ಈ ಜ್ಞಾನಕ್ಕಾಗಿ ಎಂದು ನಾನು ನಂಬುತ್ತೇನೆ. ಪ್ರಮಾಣಪತ್ರ ಅದರ ಜೊತೆಗೆ ಬರುತ್ತದೆ.

ಈ ಕಲಿಕೆಗೆ ಹಲವು ಕಡೆ ಬಳಸುವ ಸಾಧನ ಸೂಕ್ಷ್ಮ ಬೋಧನೆ. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನದಲ್ಲಿ ಕೆಲವೇ ನಿಮಿಷಗಳ ಪಾಠವನ್ನು ಸಣ್ಣ ಗುಂಪಿಗೆ ಮಾಡಿ, ವಿಮರ್ಶೆ ಕೇಳಿ, ಅದೇ ಪಾಠವನ್ನು ತಿದ್ದಿ ಮತ್ತೆ ಮಾಡಬೇಕು. ಎಷ್ಟೋ ಬಾರಿ ವಿಮರ್ಶಿಸುವ ಸಹಪಾಠಿಗಳು ನಮ್ಮ ಮಕ್ಕಳ ವಯಸ್ಸಿನವರಾಗಿರುತ್ತಾರೆ, ಉಪನ್ಯಾಸಕರೂ ನಮಗಿಂತ ಕಿರಿಯರಾಗಿರಬಹುದು. ಕಚೇರಿಯಲ್ಲಿ ಹತ್ತು ಜನಕ್ಕೆ ಆದೇಶ ಕೊಟ್ಟವರಿಗೆ ಇದು ಸುಲಭವಲ್ಲ. ಉತ್ತರಕ್ಕಾಗಿ ಕಾಯುವುದೂ ಅಷ್ಟೇ ಕಷ್ಟ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ದೀರ್ಘವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು ಸಂಶೋಧಕಿ ಮೇರಿ ಬಡ್ ರೋ ಕಂಡುಕೊಂಡಿದ್ದರು. ಹಾಗೆ ಕಾಯುವುದನ್ನು ಅನುಭವಸ್ಥರು ಕಷ್ಟಪಟ್ಟೇ ಕಲಿಯಬೇಕು, ಏಕೆಂದರೆ ಬೇರೆ ಉದ್ಯೋಗಗಳಲ್ಲಿ ಥಟ್ಟನೆ ಉತ್ತರ ಕೊಡುವವರಿಗೇ ಮನ್ನಣೆ.

ಶುಲ್ಕ, ಸಮಯ, ಮನೆಯವರ ಒಪ್ಪಿಗೆ, ಇವುಗಳನ್ನು ಪ್ರವೇಶಕ್ಕೆ ಮುಂಚೆಯೇ ಕುಳಿತು ಮಾತನಾಡಿಕೊಳ್ಳಿ. ವಿಶೇಷವಾಗಿ ಬೋಧನಾಭ್ಯಾಸದ ತಿಂಗಳುಗಳಲ್ಲಿ ಹಗಲೆಲ್ಲ ಶಾಲೆಯಲ್ಲೇ ಇರಬೇಕಾಗುವುದರಿಂದ, ಉದ್ಯೋಗದಲ್ಲಿರುವವರು ರಜೆಯ ವ್ಯವಸ್ಥೆ ಮಾಡಿಕೊಳ್ಳದೆ ಸೇರಬಾರದು. ಅರ್ಜಿ ತುಂಬುವ ಮೊದಲು ಒಂದು ಶಾಲೆಯ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಕೆಲವು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ಬನ್ನಿ. ಶಿಕ್ಷಕರ ಮೇಲೆ ಕಣ್ಣಿಡುವುದು ಬೇಡ. ಒಂದೇ ಮಗುವನ್ನು ಆರಿಸಿಕೊಂಡು, ಅದಕ್ಕೆ ಪಾಠದ ಎಳೆ ಎಲ್ಲಿ ತಪ್ಪಿತು ಎಂಬುದನ್ನು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ. ಆ ಕೆಲಸದಲ್ಲಿ ನಿಮಗೆ ಹೊತ್ತು ಹೋದದ್ದೇ ತಿಳಿಯದಿದ್ದರೆ ಧೈರ್ಯವಾಗಿ ಅರ್ಜಿ ಹಾಕಿ.