ಉಳಿದುಕೊಂಡವರ ಊರುಗಳು

ಎಲ್ಲರಿಗೂ ನಮಸ್ಕಾರ. ಇಷ್ಟೆಲ್ಲ ಸುತ್ತುತ್ತೀಯಲ್ಲ, ನಿನಗೆ ತುಂಬಾ ಇಷ್ಟವಾದ ಜಾಗ ಯಾವುದು ಅಂತ ನೀವೆಲ್ಲ ಕೇಳುತ್ತಲೇ ಇರುತ್ತೀರಿ. ಇವತ್ತಿನ ವಿಡಿಯೊದಲ್ಲಿ ಅದನ್ನೇ ಹೇಳುತ್ತೇನೆ. ಬೀಚು ಕಡಿಮೆ, ಮೊದಲೇ ತಿಳಿಸಿಬಿಡುತ್ತೇನೆ. ನಮ್ಮ ದೇಶ ಫಿಲಿಪ್ಪೀನ್ಸ್ ಅಂದ ಕೂಡಲೇ ಬೊರಾಕಾಯ್‌ನ ಬಿಳಿ ಮರಳು, ಎಲ್ ನಿಡೊದ ನೀಲಿ ನೀರು, ಸಿಯಾರ್ಗಾವೊದ ಅಲೆ, ಇವೇ ಎಲ್ಲರ ಕಣ್ಣ ಮುಂದೆ ಬರುತ್ತವೆ. ಅವೆಲ್ಲ ನನಗೂ ಇಷ್ಟವೇ. ಆದರೆ ಇದು 7,641 ದ್ವೀಪಗಳ ದೇಶ, ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಬೇರೆಯೇ ಕಡೆ. ಯಾಕೆ ಅಂತ ಹೇಳಬೇಕಾದರೆ ಮನೆಯ ವಿಷಯದಿಂದಲೇ ಶುರು ಮಾಡಬೇಕು.

ನಮ್ಮದು ಇಲೊಯಿಲೊ. ಪನಾಯ್ ದ್ವೀಪದ ದಡದಲ್ಲಿರುವ ನಗರ, ಊರ ನಡುವೆ ನದಿ. ನಾನಿನ್ನೂ ಚಿಕ್ಕವಳಿದ್ದಾಗಲೇ ಅಮ್ಮ ಹಾಂಗ್‌ಕಾಂಗ್‌ಗೆ ಮನೆಗೆಲಸಕ್ಕೆ ಹೋದಳು. ನನ್ನನ್ನು ಸಾಕಿದ್ದು ಅಜ್ಜಿ. ನಮ್ಮ ಬೀದಿಯಲ್ಲಿ ಇದು ದೊಡ್ಡ ಸುದ್ದಿಯೇನೂ ಅಲ್ಲ. ಎದುರು ಮನೆಯ ಚಿಕ್ಕಪ್ಪ ಹಡಗಿನಲ್ಲಿ, ಪಕ್ಕದ ಮನೆಯ ಅಕ್ಕ ರಿಯಾದ್‌ನಲ್ಲಿ ನರ್ಸ್. ಇಲೊಯಿಲೊದಲ್ಲಿ ಹಡಗಿನ ಕೆಲಸ ಕಲಿಸುವ ಕಾಲೇಜುಗಳೇ ಇವೆ, ಬಿಳಿ ಯೂನಿಫಾರ್ಮ್ ಹಾಕಿಕೊಂಡ ಹುಡುಗರು ಜೀಪ್ನಿಯಲ್ಲಿ, ಅಂದರೆ ನಮ್ಮ ಉದ್ದನೆಯ ಜೀಪಿನಂಥ ಬಸ್ಸಿನಲ್ಲಿ, ಪಕ್ಕದಲ್ಲೇ ಕೂತಿರುತ್ತಾರೆ. ಅವರೆಲ್ಲ ಒಂದು ದಿನ ಹೋಗುವವರು ಅಂತ ಎಲ್ಲರಿಗೂ ಗೊತ್ತು.

ಅಮ್ಮ ಬರುತ್ತಿರಲಿಲ್ಲ, ಪೆಟ್ಟಿಗೆ ಬರುತ್ತಿತ್ತು. ನಮ್ಮಲ್ಲಿ ಅದಕ್ಕೆ ಬಾಲಿಕ್‌ಬಯಾನ್ ಬಾಕ್ಸ್, ಅಂದರೆ ಊರಿಗೆ ಮರಳುವವರ ಪೆಟ್ಟಿಗೆ ಅನ್ನುತ್ತಾರೆ. ಕ್ರಿಸ್‌ಮಸ್‌ಗೆ ಮುಟ್ಟಲಿ ಅಂತ ಅಕ್ಟೋಬರ್‌ಗೆ ಮುಂಚೆಯೇ ಹಡಗಿಗೆ ಹಾಕುತ್ತಾರೆ. ಸುತ್ತಲೂ ಟೇಪ್ ಸುತ್ತಿ ಸುತ್ತಿ ರಟ್ಟು ಕಾಣದಂತಾಗಿರುತ್ತದೆ, ಅಜ್ಜಿ ಅಡುಗೆಮನೆಯ ಚಾಕು ತಂದು ಕೊಯ್ಯುತ್ತಿದ್ದಳು. ತೆಗೆದ ಕೂಡಲೇ ಮೊದಲು ಬರುವುದು ಸೋಪಿನ ವಾಸನೆ. ಸೋಪು, ಟೂತ್‌ಪೇಸ್ಟು, ಡಬ್ಬಿಯ ಮಾಂಸ, ಕಾಫಿಪುಡಿ, ಟವೆಲ್ಲು, ಸಂದುಗಳಲ್ಲೆಲ್ಲ ತುರುಕಿದ ಕಾಲುಚೀಲ, ಆ ಕಾಲುಚೀಲದ ಒಳಗೂ ಚಾಕೊಲೇಟು. ಒಂದಿಂಚು ಜಾಗವೂ ಖಾಲಿ ಬಿಟ್ಟಿರುತ್ತಿರಲಿಲ್ಲ. ಸಮುದ್ರದ ಮೇಲೆ ವಾರಗಟ್ಟಲೆ ಬಂದ ಚಾಕೊಲೇಟಿಗೆ ಸೋಪಿನದೇ ವಾಸನೆ ಹತ್ತಿರುತ್ತಿತ್ತು. ಇವತ್ತಿಗೂ ನನಗೆ ಚಾಕೊಲೇಟ್ ಅಂದರೆ ಆ ರುಚಿಯೇ ನೆನಪಾಗುತ್ತದೆ, ಅಂಗಡಿಯಲ್ಲಿ ಹೊಸದಾಗಿ ಕೊಂಡು ತಿಂದಾಗ ಏನೋ ಕಡಿಮೆ ಇದೆ ಅನ್ನಿಸುತ್ತದೆ.

ಹಾಗಾಗಿ ನಾನು ಕೆಲಸಕ್ಕೆ ಸೇರಿ, ದುಡ್ಡು ಕೂಡಿಸಿ, ಮೊದಲು ಹೋಗಿದ್ದು ಹಾಂಗ್‌ಕಾಂಗ್‌ಗೇ. ನಮಗೆ ಅಲ್ಲಿಗೆ ವೀಸಾ ಬೇಡ. ಜಪಾನ್, ಯುರೋಪ್ ಅಂದರೆ ಮಾತ್ರ ಬ್ಯಾಂಕಿನ ಪತ್ರ, ಆಫೀಸಿನ ಪತ್ರ, ವಾಪಸ್ ಬರುತ್ತೇನೆ ಅನ್ನುವುದಕ್ಕೆ ಸಾಕ್ಷಿ, ಎಲ್ಲ ಬೇಕು. ಭಾರತದ ಪಾಸ್‌ಪೋರ್ಟ್ ಇರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಆದರೆ ನಮಗೆ ಹೊರಡುವಾಗಲೂ ನಮ್ಮದೇ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಇರುತ್ತದೆ. ಒಬ್ಬಳೇ ಯಾಕೆ ಹೋಗುತ್ತಿದ್ದೀಯ, ದುಡ್ಡು ಯಾರದ್ದು, ಅಲ್ಲಿ ಯಾರಿದ್ದಾರೆ. ಮೋಸ ಹೋಗಿ ವಿದೇಶದಲ್ಲಿ ಸಿಕ್ಕಿಬೀಳುವ ಹೆಣ್ಣುಮಕ್ಕಳನ್ನು ತಡೆಯುವುದಕ್ಕೆ ಅಂತ ಇದೆಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೂ ನನ್ನ ಅಮ್ಮನನ್ನು ನೋಡಲು ಹೋಗುತ್ತಿದ್ದೇನೆ ಅಂತ ಕೌಂಟರಿನ ಮುಂದೆ ನಿಂತು ಕಾಗದ ತೋರಿಸಿ ನಂಬಿಸಬೇಕಾಗಿ ಬಂದಾಗ ಗಂಟಲು ಕಟ್ಟಿತ್ತು. ಕೆಲಸಕ್ಕೆ ಹೋಗುವ ಫಿಲಿಪಿನೊ ಗೊತ್ತು, ಸುಮ್ನೆ ನೋಡಿಕೊಂಡು ಬರಲು ಹೋಗುವ ಫಿಲಿಪಿನೊ ಅಂದರೆ ನಮ್ಮವರಿಗೇ ನಂಬಿಕೆ ಕಡಿಮೆ.

ಈಗ ನೀವು ನೋಡುತ್ತಿರುವುದು ಹಾಂಗ್‌ಕಾಂಗ್‌ನ ಸೆಂಟ್ರಲ್, ಭಾನುವಾರ. ಉಳಿದ ದಿನ ಇಲ್ಲಿ ಬ್ಯಾಂಕಿನವರು, ಟೈ ಕಟ್ಟಿದವರು ಓಡಾಡುತ್ತಾರೆ. ಭಾನುವಾರ ಚೇಟರ್ ರಸ್ತೆಗೆ ಗಾಡಿ ಬಿಡುವುದಿಲ್ಲ. ಬೆಳಗಾಗುವಷ್ಟರಲ್ಲಿ ನಮ್ಮ ಹೆಂಗಸರು ರಟ್ಟು ಹಾಸಿ ಕೂತಿರುತ್ತಾರೆ, ಸಾವಿರಾರು ಜನ. ಇಲೊಯಿಲೊದವರು ಒಂದು ಕಡೆ, ಪಂಗಾಸಿನಾನ್ ಪ್ರಾಂತ್ಯದವರು ಇನ್ನೊಂದು ಕಡೆ. ಒಬ್ಬರು ಉಗುರಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಾರೆ, ಇನ್ನೊಬ್ಬರು ಕೂದಲು ಕತ್ತರಿಸಿಕೊಳ್ಳುತ್ತಾರೆ, ಆ ಮೂಲೆಯಲ್ಲಿ ಡಾನ್ಸ್ ಪ್ರಾಕ್ಟೀಸು, ಈ ಮೂಲೆಯಲ್ಲಿ ಮಗನ ಜೊತೆ ವಿಡಿಯೊ ಕಾಲು, ನಡುವೆ ಡಬ್ಬಿಗಳಲ್ಲಿ ಅಡೋಬೊ ಅನ್ನುವ ಮಾಂಸದ ಪಲ್ಯ, ಪನ್ಸಿತ್ ಅನ್ನುವ ನೂಡಲ್ಸು, ಅನ್ನ. ಯಾಕೆ ರಸ್ತೆಯಲ್ಲಿ ಅಂತ ಪ್ರವಾಸಿಗರು ಕೇಳುತ್ತಾರೆ. ಅಲ್ಲಿನ ನಿಯಮದ ಪ್ರಕಾರ ಮನೆಗೆಲಸದವರು ಮಾಲೀಕರ ಮನೆಯಲ್ಲೇ ಇರಬೇಕು. ವಾರಕ್ಕೊಂದು ರಜೆ ಸಿಗುತ್ತದೆ, ಆದರೆ ಆ ರಜೆಯಲ್ಲಿ ಕಾಲು ಚಾಚಿ ಮಲಗುವುದಕ್ಕೆ ಅವರದು ಅಂತ ಒಂದು ಕೋಣೆ ಇಲ್ಲ. ಹಾಗಾಗಿ ಈ ರಟ್ಟಿನ ಮೇಲೆ ಇಷ್ಟುದ್ದ ಜಾಗ.

ಅಮ್ಮ ನನ್ನನ್ನು ವಿಕ್ಟೋರಿಯಾ ಪೀಕ್ ಬೆಟ್ಟಕ್ಕೆ ಕಳಿಸಿದಳು, ನೋಡಿಕೊಂಡು ಬಾ, ತುಂಬಾ ಚೆನ್ನಾಗಿದೆ ಅಂತ. ತಾನು ಬರಲಿಲ್ಲ. ಅವತ್ತು ಪೆಟ್ಟಿಗೆ ತುಂಬಿಸಬೇಕಾಗಿತ್ತು. ನಾನು ಅರ್ಧ ದಾರಿಯಿಂದ ವಾಪಸ್ ಬಂದು ಅವಳ ಜೊತೆ ರಟ್ಟಿನ ಮೇಲೆ ಕೂತೆ. ಅವಳು ಕಾಲುಚೀಲದೊಳಗೆ ಚಾಕೊಲೇಟ್ ಹಾಕಿ ಮಡಚುವುದನ್ನು ಮೊದಲ ಸಲ ಕಣ್ಣಾರೆ ನೋಡಿದೆ. ಪೀಕ್ ನಾನು ಇನ್ನೂ ನೋಡಿಲ್ಲ, ಅದಕ್ಕೆ ಬೇಜಾರೂ ಇಲ್ಲ.

ಆಮೇಲೆ ಆಗ್ನೇಯ ಏಷ್ಯಾ ಎಲ್ಲ ಸುತ್ತಿದೆ. ಹೊಯಿ ಆನ್, ಪೆನಾಂಗ್, ಲುವಾಂಗ್ ಪ್ರಬಾಂಗ್, ಎಲ್ಲ ಚಂದ. ಆದರೆ ನಮ್ಮದೇ ದೇಶದ ಉತ್ತರ ತುದಿಯಲ್ಲಿರುವ ಬತಾನೆಸ್‌ಗೆ ಹೋಗುವುದಕ್ಕೆ ಹಾಂಗ್‌ಕಾಂಗ್‌ಗಿಂತ ಜಾಸ್ತಿ ಟಿಕೆಟ್ ದುಡ್ಡು ಕೊಟ್ಟೆ. ನಮ್ಮಲ್ಲಿ ತುಂಬಾ ಜನ ಸ್ವಂತ ದೇಶ ಬಿಟ್ಟು ಮೊದಲು ಹೊರಗೆ ಹೋಗುವುದು ಇದಕ್ಕೇ.

ಕೊಟ್ಟ ದುಡ್ಡು ಸಾರ್ಥಕ, ಇದನ್ನು ಒತ್ತಿ ಹೇಳುತ್ತೇನೆ. ಬತಾನೆಸ್ ದೇಶದ ಅತಿ ಚಿಕ್ಕ ಪ್ರಾಂತ್ಯ. ಇವತಾನ್ ಜನರ ಊರು. ಬಿರುಗಾಳಿಗಳು ನಮ್ಮ ದೇಶಕ್ಕೆ ಬರುವ ದಾರಿಯಲ್ಲೇ ಈ ದ್ವೀಪಗಳಿವೆ. ಅದಕ್ಕೆ ತಕ್ಕಂತೆ ಮನೆ. ಇವಾನಾ ಬಂದರಿನಿಂದ ಫಲುವಾ ಅನ್ನುವ ದೋಣಿ ಹತ್ತಿ ಸಬ್ತಾಂಗ್ ದ್ವೀಪಕ್ಕೆ ಹೋದೆ. ನಮ್ಮ ಬೇರೆ ದೋಣಿಗಳಿಗೆ ಎರಡೂ ಬದಿಗೆ ಬಿದಿರಿನ ತೋಳು ಇರುತ್ತದೆ. ಫಲುವಾಗೆ ಅದಿಲ್ಲ, ಆ ಕಡಲಿನ ಅಲೆ ತೋಳನ್ನು ಮುರಿದುಹಾಕುತ್ತದೆ. ದುಂಡು ಹೊಟ್ಟೆಯ ದೋಣಿ, ಅಲೆ ಎತ್ತಿದ ಹಾಗೆ ಏಳುತ್ತದೆ, ಬಿಟ್ಟ ಹಾಗೆ ಇಳಿಯುತ್ತದೆ. ನಾನು ಬೆಂಚು ಗಟ್ಟಿಯಾಗಿ ಹಿಡಿದು ಕೂತಿದ್ದೆ, ಪಕ್ಕದಲ್ಲಿದ್ದ ಅಜ್ಜ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದರು.

ಸಬ್ತಾಂಗ್‌ನ ಚವಾಯನ್ ಅನ್ನುವ ಹಳ್ಳಿ ಇದು, ನೋಡಿ. ಸುಣ್ಣಕಲ್ಲಿನ ಗೋಡೆ, ಹತ್ತಿರ ಹತ್ತಿರ ಒಂದು ಮೀಟರ್ ದಪ್ಪ. ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಚಿ ಕೂರಬಹುದಿತ್ತು. ಮೇಲೆ ಹುಲ್ಲಿನ ಮಾಡು, ಅದೂ ಕೈಯಳತೆ ದಪ್ಪ, ಗಾಳಿ ಕಾಲಕ್ಕೆ ಅದರ ಮೇಲೆ ಹಗ್ಗದ ಬಲೆ ಬಿಗಿದು ಕಟ್ಟುತ್ತಾರೆ. ಹಳೆಯ ಮನೆಗಳಲ್ಲಿ ಮೂರು ಗೋಡೆಗೆ ಕಿಟಕಿ ಇರುತ್ತದೆ, ಒಂದಕ್ಕೆ ಇರುವುದಿಲ್ಲ. ಬಿರುಗಾಳಿ ಬಂದು ಹೊಡೆಯುವುದು ಆ ಕಡೆಯಿಂದ. ನಾಲ್ಕನೇ ಗೋಡೆಯ ಆಚೆ ನಿಂತು ನಾನು ಕೈಯಿಟ್ಟು ನೋಡಿದೆ, ತಣ್ಣಗೆ, ಒರಟಾಗಿ, ಮಳೆ ಹೊಡೆದು ಹೊಡೆದು ಕಪ್ಪಗಾಗಿತ್ತು. ಎಷ್ಟು ತಲೆಮಾರು ಯಾವ ದಿಕ್ಕಿನ ಗಾಳಿ ತಿಂದಿದ್ದಾರೆ ಅಂತ ಆ ಗೋಡೆಯೇ ಹೇಳುತ್ತದೆ.

ಅಲ್ಲೊಬ್ಬ ಅಜ್ಜಿ ಬಾಗಿಲಲ್ಲಿ ಕೂತು ವಾಕುಲ್ ನೇಯುತ್ತಿದ್ದರು. ತಾಳೆ ಜಾತಿಯ ಮರದ ನಾರಿನಿಂದ ಮಾಡುವ ತಲೆಹೊದಿಕೆ ಅದು, ತಲೆಯಿಂದ ಬೆನ್ನವರೆಗೆ ಇಳಿಯುತ್ತದೆ, ಬಿಸಿಲಿಗೂ ಸೈ ಮಳೆಗೂ ಸೈ. ಮಕ್ಕಳು ಎಲ್ಲಿ ಅಂತ ಕೇಳಿದೆ. ಒಬ್ಬ ಮನಿಲಾ, ಒಬ್ಬಳು ತೈವಾನ್ ಅಂದರು. ನೀವೂ ಹೋಗಬಹುದಿತ್ತಲ್ಲ ಅಂದಾಗ ನನ್ನ ಮುಖವನ್ನೇ ನೋಡಿ, ಮಾಡಿಗೆ ಹುಲ್ಲು ಯಾರು ಹೊದಿಸುತ್ತಾರೆ ಮಗಳೇ ಅಂದರು. ಆ ಸಂಜೆ ನನಗೆ ಹೊಳೆಯಿತು. ಹೊರಟುಹೋದವರ ಮನೆಯಲ್ಲಿ ಬೆಳೆದ ನಾನು, ಉಳಿದುಕೊಂಡವರ ಊರುಗಳನ್ನು ಹುಡುಕಿಕೊಂಡು ಹೋಗುತ್ತಿದ್ದೇನೆ. ಅಮ್ಮನ ಮೇಲೆ ದೂರು ಹೇಳುತ್ತಿಲ್ಲ. ಅವಳು ಹೋಗದಿದ್ದರೆ ನನ್ನ ಓದು ಇರುತ್ತಿರಲಿಲ್ಲ, ಈ ಕ್ಯಾಮೆರಾನೂ ಇರುತ್ತಿರಲಿಲ್ಲ. ಆದರೆ ಒಂದು ಊರನ್ನು ಬಿಡದೆ ಇರುವುದು ಹೇಗಿರುತ್ತದೆ ಅಂತ ನೋಡುವ ಆಸೆ ನನಗೆ ತುಂಬಾ ಇದೆ.

ಬೆಟ್ಟದ ಹಳ್ಳಿ ಬತಾದ್ ಇಷ್ಟವಾಗುವುದೂ ಅದಕ್ಕೇ. ಮನಿಲಾದಿಂದ ರಾತ್ರಿ ಬಸ್ಸಿನಲ್ಲಿ ಬನಾವೆಗೆ ಬಂದು, ಅಲ್ಲಿಂದ ಜೀಪ್ನಿ, ರಸ್ತೆ ಮುಗಿದ ಮೇಲೆ ನಡಿಗೆ. ತಿರುವು ದಾಟಿದ ಕೂಡಲೇ ಬೆಟ್ಟ ಪೂರ್ತಿ ಮೆಟ್ಟಿಲು ಮೆಟ್ಟಿಲು ಗದ್ದೆ, ಅರ್ಧಚಂದ್ರದ ಹಾಗೆ ಬಾಗಿ, ಕೆಳಗೆ ಒಂದು ಹಿಡಿ ಮನೆಗಳು. ಇಫುಗಾವೊ ಜನರ ಗದ್ದೆಗಳು. ಯುನೆಸ್ಕೊ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಗದ್ದೆಗಳಲ್ಲಿ ಬತಾದ್ ಒಂದು. 2001ರಲ್ಲಿ ಅಪಾಯದ ಪಟ್ಟಿಗೂ ಹಾಕಿದ್ದರು, 2012ರಲ್ಲಿ ತೆಗೆದರು. ಅಪಾಯ ಏನು ಅಂದರೆ ಗೋಡೆ ಕುಸಿಯುವುದು, ಕುಸಿದರೆ ಕಟ್ಟುವುದಕ್ಕೆ ಜನ ಇಲ್ಲದಿರುವುದು. ಹುಡುಗರು ಬಾಗಿಯೊ, ಮನಿಲಾ ಅಂತ ಹೋಗುತ್ತಾರೆ. ಇಲ್ಲಿನ ನಾಟಿ ಭತ್ತ ತಿನಾವೊನ್ ವರ್ಷಕ್ಕೆ ಒಂದೇ ಬೆಳೆ, ಅದರಲ್ಲಿ ಸಂಸಾರ ನಡೆಯುವುದು ಕಷ್ಟ. ನಾನು ಹೋದಾಗ ಒಬ್ಬರು ಮೊಣಕಾಲು ಮಟ್ಟದ ಕೆಸರಲ್ಲಿ ನಿಂತು, ಬಿದ್ದ ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಸರಿ ಹೊಂದುವ ಮುಖ ಸಿಕ್ಕಾಗ ಮಾತ್ರ ಕೂರಿಸುತ್ತಿದ್ದರು. ಸಿಮೆಂಟ್ ಇಲ್ಲ. ಗದ್ದೆಗಿಂತ ಮೇಲಿನ ಕಾಡನ್ನು ತೋರಿಸಿ, ಅದು ಉಳಿದರೆ ನೀರು, ನೀರಿದ್ದರೆ ಇದು ಅಂದರು. ಆ ಕಾಡಿಗೆ ಮುಯೋಂಗ್ ಅನ್ನುತ್ತಾರೆ, ಒಂದೊಂದು ಮನೆತನಕ್ಕೆ ಒಂದೊಂದು, ಬೇಕಾದ ಹಾಗೆ ಕಡಿಯುವ ಹಾಗಿಲ್ಲ. ಅವರ ಹಳೆಯ ಮನೆಯ ಕಂಬಗಳಿಗೆ ಇಲಿ ಹತ್ತದ ಹಾಗೆ ದುಂಡಗಿನ ಮರದ ತಟ್ಟೆ ತೊಡಿಸಿರುತ್ತಾರೆ. ನಮ್ಮ ಗದ್ದೆ ಸೀಮೆಯವರು ಇದನ್ನು ನೋಡಬೇಕು ಅಂತ ಅನ್ನಿಸಿ ಅದನ್ನೇ ಎಷ್ಟೋ ಹೊತ್ತು ಶೂಟ್ ಮಾಡಿದ್ದೇನೆ.

ಬೊಹೋಲ್ ದ್ವೀಪದ ಚಾಕೊಲೇಟ್ ಹಿಲ್ಸ್ ಗುಡ್ಡಗಳನ್ನು ಎಲ್ಲರೂ ತೋರಿಸುತ್ತಾರೆ, ನಾನು ಬಿಟ್ಟುಬಿಡುತ್ತೇನೆ. ಅಲ್ಲಿಗೆ ಹೋದರೆ ಲೊಬೊಕ್ ಚರ್ಚಿಗೆ ಹೋಗಿ. 2013ರ ಭೂಕಂಪದಲ್ಲಿ ಕುಸಿದಿದ್ದನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ.

ನಿಮಗೆ ಒಂದು ಮಾತು. 2025ರಿಂದ ಭಾರತದವರು ನಮ್ಮ ದೇಶಕ್ಕೆ ಪ್ರವಾಸಕ್ಕೆ ವೀಸಾ ಇಲ್ಲದೆ ಬಂದು 14 ದಿನ ಇರಬಹುದು. ದಯವಿಟ್ಟು ಆ 14 ದಿನದಲ್ಲಿ ಆರು ದ್ವೀಪ ಮುಗಿಸಲು ಹೋಗಬೇಡಿ. ಎರಡು ಸಾಕು. ಬತಾನೆಸ್‌ಗಾದರೆ ಮಾರ್ಚ್‌ನಿಂದ ಮೇ ಒಳಗೆ ಬನ್ನಿ, ಕಡಲು ಸ್ವಲ್ಪ ಸುಮ್ಮನಿರುತ್ತದೆ. ಗಾಳಿ ಎದ್ದರೆ ವಿಮಾನ ರದ್ದಾಗುತ್ತದೆ, ಕೈಯಲ್ಲಿ ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಿ. ಮತ್ತೆ ಇಲೊಯಿಲೊ ಬಿಡಬೇಡಿ. ಊಟದ ವಿಷಯಕ್ಕೆ 2023ರಲ್ಲಿ ಯುನೆಸ್ಕೊ ನಮ್ಮೂರನ್ನು ಗುರುತಿಸಿತು, ದೇಶದಲ್ಲೇ ಮೊದಲು. ನಮಗೆ ಅದು ಮೊದಲೇ ಗೊತ್ತಿತ್ತು. ಲಾ ಪಾಸ್ ಮಾರ್ಕೆಟ್‌ನಲ್ಲಿ ಬೆಳಿಗ್ಗೆ ಬ್ಯಾಚೋಯ್ ಕುಡಿಯಬೇಕು. ಕುದಿಯುವ ಸಾರು, ನೂಡಲ್ಸು, ಹಂದಿಯ ಕರುಳು, ಲಿವರ್, ಮೇಲೆ ಪುಡಿಮಾಡಿದ ಗರಿಗರಿ ಚರ್ಮ, ಬೆಳ್ಳುಳ್ಳಿ. ಬಟ್ಟಲು ಖಾಲಿಯಾಗುತ್ತಾ ಬಂದರೆ, ಮನಾಂಗ್, ಅಂದರೆ ಅಕ್ಕಾ, ಇನ್ನೊಂದು ಸೌಟು ಸಾರು ಅನ್ನಿ, ಹಾಕುತ್ತಾರೆ. ಮಾಂಸ ತಿನ್ನದವರು ದೋಣಿ ಹತ್ತಿ ಎದುರಿನ ಗಿಮರಾಸ್ ದ್ವೀಪಕ್ಕೆ ಹೋಗಿ, ಮೇ ತಿಂಗಳಲ್ಲಿ ಮಾವು. ಹುಳ ಬರಬಾರದು ಅಂತ ಹೊರಗಿನ ಮಾವನ್ನು ಆ ದ್ವೀಪದೊಳಗೆ ಬಿಡುವುದಿಲ್ಲ. ಮಾವಿನ ವಿಷಯದಲ್ಲಿ ನೀವು ಸುಲಭಕ್ಕೆ ಒಪ್ಪುವವರಲ್ಲ ಅಂತ ಗೊತ್ತು, ತಿಂದು ನೋಡಿ ಆಮೇಲೆ ಮಾತಾಡೋಣ.

ಇನ್ನು ಮುಖ್ಯ ವಿಷಯ. ಅಮ್ಮ ವಾಪಸ್ ಬಂದಿದ್ದಾಳೆ, ಪೂರ್ತಿಯಾಗಿ. ಅಜ್ಜಿ ಇದ್ದಿದ್ದರೆ ಅಂತ ದಿನಕ್ಕೊಮ್ಮೆಯಾದರೂ ಅನ್ನುತ್ತಾಳೆ. ತನ್ನ ದುಡ್ಡಿನಲ್ಲೇ ಕಟ್ಟಿದ ಮನೆಯಲ್ಲಿ ಯಾವ ಸ್ವಿಚ್ಚು ಯಾವ ದೀಪದ್ದು ಅಂತ ಈಗ ಕಲಿಯುತ್ತಿದ್ದಾಳೆ. ನಸುಕಿನಲ್ಲೇ ಎದ್ದುಬಿಡುತ್ತಾಳೆ, ಯಾರಿಗೂ ತಿಂಡಿ ಮಾಡಿಕೊಡಬೇಕಾಗಿಲ್ಲ ಅಂತ ನೆನಪಾಗಿ ಮತ್ತೆ ಮಲಗಲು ನೋಡುತ್ತಾಳೆ, ನಿದ್ದೆ ಬರುವುದಿಲ್ಲ. ಒಂದು ಬೆಳಿಗ್ಗೆ ನನ್ನ ಬತಾನೆಸ್ ವಿಡಿಯೊ ನೋಡುತ್ತಾ, ಇದೆಲ್ಲ ನಮ್ಮ ದೇಶವಾ ಅಂತ ಕೇಳಿದಳು. ಅವಳು ನೋಡಿದ್ದು ಇಲೊಯಿಲೊ, ಮನಿಲಾದ ವಿಮಾನ ನಿಲ್ದಾಣ, ಹಾಂಗ್‌ಕಾಂಗ್. ಅಷ್ಟೇ.

ಹಾಗಾಗಿ ಇನ್ನು ಮುಂದೆ ನಾನು ಒಬ್ಬಳೇ ಹೋಗುವುದಿಲ್ಲ. ಮೊದಲ ಪ್ರಯಾಣ ಸಿಕಿಹೋರ್ ದ್ವೀಪಕ್ಕೆ. ವಿಮಾನ ಬೇಡ ಅಂದಳು, ವಿಮಾನ ಹತ್ತಿದರೆ ಕೆಲಸಕ್ಕೆ ಹೋಗುತ್ತಿರುವ ಹಾಗೆ ಅನ್ನಿಸುತ್ತದಂತೆ. ಸರಿ, ಇಲೊಯಿಲೊದಿಂದ ದೋಣಿಯಲ್ಲಿ ಬಕೊಲೊದ್, ಅಲ್ಲಿಂದ ಬಸ್ಸಿನಲ್ಲಿ ಕಬ್ಬಿನ ಗದ್ದೆಗಳ ನಡುವೆ ದುಮಗೆತೆ, ಮತ್ತೆ ದೋಣಿ. ಸಿಕಿಹೋರ್‌ನಲ್ಲಿ ಲಾಸಿ ಅನ್ನುವ ಕಡೆ ಒಂದು ಹಳೆಯ ಬಲೆತೆ ಮರ ಇದೆ, ನಿಮ್ಮ ಆಲದ ಜಾತಿಯದ್ದು, ಅದರ ಬುಡದ ನೀರಿನಲ್ಲಿ ಕಾಲು ಬಿಟ್ಟು ಕೂತರೆ ಸಣ್ಣ ಮೀನುಗಳು ಬಂದು ಪಾದ ಕಚ್ಚುತ್ತವೆ. ಅಮ್ಮನಿಗೆ ಮಂಡಿ ನೋವು, ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಲಿ. ಅವಳು ಹಾಕಿರುವ ಷರತ್ತು ಎರಡೇ. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೇ ಬೇಕು. ಮತ್ತೆ ದಾರಿಯುದ್ದಕ್ಕೂ ಅಡುಗೆ, ಪಾತ್ರೆ ಅಂತ ಯಾರೂ ಅವಳ ಹತ್ತಿರ ಮಾತೆತ್ತಬಾರದು. ಎರಡಕ್ಕೂ ಒಪ್ಪಿದ್ದೇನೆ, ಶುಕ್ರವಾರ ಬೆಳಗಿನ ದೋಣಿಗೆ ಟಿಕೆಟ್ ಆಗಿದೆ.