ಇಂಗ್ಲೆಂಡಿನ ಹಳೆಯ ಕಟ್ಟಡಗಳ ದುರಸ್ತಿಗೆ ಅನುದಾನ: ಯಾರಿಗೆ, ಯಾವುದಕ್ಕೆ, ಹೇಗೆ?

[ದೃಶ್ಯ: ಇಂಗ್ಲೆಂಡಿನ ಪೇಟೆ ಬೀದಿ. ಸಾಲು ಇಟ್ಟಿಗೆ ಕಟ್ಟಡಗಳು, ಮರದ ಕಿಟಕಿಗಳು.]

ನಿರೂಪಣೆ: ನಮಸ್ಕಾರ. ಈ ಬೀದಿಯ ಒಂದು ಅಂಗಡಿಯಲ್ಲಿ ಮರದ ಕಿಟಕಿ ಕೊಳೆತಿದೆ ಎಂದುಕೊಳ್ಳಿ. ಪ್ಲಾಸ್ಟಿಕ್ ಕಿಟಕಿ ಅಗ್ಗ. ಆದರೆ ನಗರಾಡಳಿತ ಒಪ್ಪುವುದಿಲ್ಲ. ಇದು ಸಂರಕ್ಷಣಾ ವಲಯ, ಮೊದಲಿದ್ದಂಥ ಮರದ ಕಿಟಕಿಯೇ ಬೇಕು ಎನ್ನುತ್ತದೆ. ಸರಿ, ಮರದ್ದೇ ಹಾಕಿಸೋಣ. ಆ ಹೆಚ್ಚಿನ ಖರ್ಚು ಯಾರ ತಲೆಯ ಮೇಲೆ?

[ಪರದೆಯ ಮೇಲೆ: 1967]

ಆ ವರ್ಷ ಬ್ರಿಟನ್ನಿನ ಸಂಸತ್ತು ಒಂದು ಕಾಯ್ದೆ ತಂದಿತು. ಅದುವರೆಗೆ ಬಿಡಿ ಕಟ್ಟಡಗಳಿಗಷ್ಟೇ ಇದ್ದ ರಕ್ಷಣೆ ಅಲ್ಲಿಂದ ಮುಂದೆ ಇಡೀ ಬೀದಿಗೆ, ಇಡೀ ಕೇರಿಗೆ ಸಿಗುವಂತಾಯಿತು. ಲಿಂಕನ್‌ಷೈರಿನ ಸ್ಟ್ಯಾಂಫರ್ಡ್ ಊರು ಮೊದಲ ಸಂರಕ್ಷಣಾ ವಲಯ. ಇಂದು ಇಂಗ್ಲೆಂಡ್ ಒಂದರಲ್ಲೇ ಇಂಥ ವಲಯಗಳು ಸುಮಾರು 10,000.

ಕೆಡವಬೇಡಿ, ಬದಲಿಸಬೇಡಿ ಎಂದು ಕಾನೂನು ಹೇಳಬಲ್ಲದು. ಮಾಲೀಕರ ಕೈಯಲ್ಲಿ ಹಣವಿಲ್ಲದಿದ್ದರೆ ನೋಟಿಸು ಅಂಟಿಸಿದ ಮಾತ್ರಕ್ಕೆ ಸೋರುವ ಮಾಡು ನಿಲ್ಲುವುದಿಲ್ಲ. ಅನುದಾನ ಬೇಕಾಗುವುದು ಅಲ್ಲಿ. ಹೀಗೇ ಇರಬೇಕು ಎಂದು ಸಮಾಜ ಬಯಸುವುದಾದರೆ ಖರ್ಚಿನಲ್ಲಿ ಒಂದು ಪಾಲನ್ನು ಸಮಾಜವೂ ಹೊರಬೇಕು. ಇದನ್ನು ನಾನು ದಾನವೆಂದು ನೋಡುವುದಿಲ್ಲ, ನ್ಯಾಯವೆಂದೇ ನೋಡುತ್ತೇನೆ.

ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ. ಪಾಳುಬಿದ್ದ ಕಟ್ಟಡವೊಂದರ ದುರಸ್ತಿಗೆ 3 ಲಕ್ಷ ಪೌಂಡ್ ಬೇಕು. ಎಲ್ಲ ಮುಗಿದ ಮೇಲೆ ಮಾರುಕಟ್ಟೆಯಲ್ಲಿ ಅದರ ಬೆಲೆ 2 ಲಕ್ಷ. ನಡುವಿನ 1 ಲಕ್ಷ ಕೈಬಿಟ್ಟು ಹೋಗುವ ಹಣ. ಯಾವ ಬ್ಯಾಂಕೂ ಅದಕ್ಕೆ ಸಾಲ ಕೊಡುವುದಿಲ್ಲ. ದೊಡ್ಡ ಅನುದಾನಗಳು ತುಂಬಲು ನೋಡುವುದು ಈ ಕೊರತೆಯನ್ನೇ.

[ದೃಶ್ಯ: ಗೋಡೆಯ ಸಮೀಪ ಚಿತ್ರ. ಮುಖ ಕಳಚಿದ ಇಟ್ಟಿಗೆಗಳು, ನಡುವೆ ಗಟ್ಟಿಯಾಗಿ ನಿಂತ ಸಿಮೆಂಟಿನ ಗೆರೆಗಳು.]

ಈ ಗೋಡೆಯನ್ನು ಗಮನಿಸಿ. ಇಟ್ಟಿಗೆ ಉದುರಿದೆ, ಗಾರೆ ಉಳಿದಿದೆ. ಹಳೆಯ ಇಟ್ಟಿಗೆ ಮೃದು. ಅದನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಗೋಡೆ ಹೀರಿದ ನೀರು ಆ ಸುಣ್ಣದ ಸಂದುಗಳ ಮೂಲಕ ಆವಿಯಾಗಿ ಹೊರಹೋಗುತ್ತಿತ್ತು. ಮುಂದೆ ಯಾರೋ ಗಟ್ಟಿಯಾಗಿರಲಿ ಎಂದು ಸಂದುಗಳಿಗೆ ಸಿಮೆಂಟ್ ತುಂಬಿದರು. ನೀರಿಗೆ ದಾರಿ ಮುಚ್ಚಿತು. ಒಳಗೆ ಸಿಕ್ಕಿಕೊಂಡ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಇಟ್ಟಿಗೆಯ ಮುಖವನ್ನೇ ಸೀಳಿ ಉದುರಿಸುತ್ತದೆ. ಒಳ್ಳೆಯ ಉದ್ದೇಶದಿಂದ ಮಾಡಿದ ದುರಸ್ತಿಯೇ ಗೋಡೆಯನ್ನು ತಿಂದಿತು.

ಆದ್ದರಿಂದ ಅನುದಾನದ ಜೊತೆ ಷರತ್ತುಗಳು ಬರುತ್ತವೆ. ಸುಣ್ಣವಿದ್ದಲ್ಲಿ ಸುಣ್ಣ, ಸ್ಲೇಟು ಕಲ್ಲಿದ್ದಲ್ಲಿ ಸ್ಲೇಟು ಕಲ್ಲು, ಎರಕದ ಕಬ್ಬಿಣದ ಕೊಳವೆಗೆ ಎರಕದ ಕಬ್ಬಿಣವೇ. ಅರ್ಜಿದಾರರಿಗೆ ಇದು ಕಿರಿಕಿರಿ ಎನಿಸಬಹುದು. ಈ ಗೋಡೆಯನ್ನು ನೋಡಿದವರಿಗೆ ಹಾಗೆ ಅನಿಸಲಾರದು. ಹಣ ಮೊದಲು ಹೋಗುವುದೂ ಮಾಡಿಗೆ, ಮಳೆನೀರಿನ ದೋಣಿಗೆ, ರಚನೆಯ ಭದ್ರತೆಗೆ. ಒಳಗಿನ ಬಣ್ಣ, ಹೊಸ ಅಡುಗೆಮನೆ ಇವೆಲ್ಲ ಮಾಲೀಕರ ಜೇಬಿನಿಂದ.

ಹಣ ಕೊಡುವವರು ಯಾರು? 1990ರ ಕಾಯ್ದೆಯ ಪ್ರಕಾರ ಸಂರಕ್ಷಣಾ ವಲಯಗಳಿಗೆ ಅನುದಾನ ಕೊಡುವ ಅಧಿಕಾರ ಇಂದು ಹಿಸ್ಟಾರಿಕ್ ಇಂಗ್ಲೆಂಡ್ ಎಂಬ, ಹಳೆಯ ಕಟ್ಟಡಗಳ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗಿದೆ. ಲಾಟರಿಯ ಆದಾಯದಿಂದ ನಡೆಯುವ ಪರಂಪರೆ ನಿಧಿ ಇನ್ನೊಂದು ದೊಡ್ಡ ಮೂಲ. ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ ತಮ್ಮದೇ ಸಂಸ್ಥೆಗಳಿವೆ. ಹಣ ಬಹಳ ಸಲ ಬಿಡಿ ಮಾಲೀಕರಿಗೆ ನೇರವಾಗಿ ಬರುವುದಿಲ್ಲ. ಸಂಸ್ಥೆಯೂ ನಗರಾಡಳಿತವೂ ಸೇರಿ ಒಂದು ಬೀದಿಗೆ ಯೋಜನೆ ರೂಪಿಸುತ್ತವೆ, ಆ ಬೀದಿಯ ಮಾಲೀಕರು ಅರ್ಜಿ ಹಾಕುತ್ತಾರೆ. ಡರ್ಬಿ ನಗರದ ಹಳೆಯ ಅಂಗಡಿಗಳ ಮುಂಭಾಗಗಳು ಮತ್ತೆ ಮರದ ರೂಪ ಪಡೆದದ್ದು ಇಂಥದೇ ಪಾಲುದಾರಿಕೆಯಿಂದ. 2020ರಿಂದ 2024ರವರೆಗೆ ಅರವತ್ತಕ್ಕೂ ಹೆಚ್ಚು ಪೇಟೆ ಬೀದಿಗಳಿಗಾಗಿ 9.5 ಕೋಟಿ ಪೌಂಡಿನ ಯೋಜನೆಯೊಂದು ನಡೆಯಿತು. ಅದು ಮುಗಿದಿದೆ. ಅವಧಿ ಮುಗಿದರೆ ಬಾಗಿಲು ಮುಚ್ಚಿತು, ಪಕ್ಕದ ಬೀದಿಯವರಿಗೆ ಏನೂ ಇಲ್ಲ. ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ.

[ಪರದೆಯ ಮೇಲೆ: ಹೊಸ ಮನೆ 0%, ದುರಸ್ತಿ 20%]

ಇನ್ನೊಂದು ವಿಷಯ ನನ್ನನ್ನು ನಿಜಕ್ಕೂ ಕೆರಳಿಸುತ್ತದೆ. ಬ್ರಿಟನ್ನಿನಲ್ಲಿ ಹೊಸ ಮನೆ ಕಟ್ಟಿದರೆ ಮೌಲ್ಯವರ್ಧಿತ ತೆರಿಗೆಯ ದರ ಶೂನ್ಯ. ಹಳೆಯ ಮನೆಯ ದುರಸ್ತಿಗೆ ಸಾಮಾನ್ಯವಾಗಿ ಶೇ. 20. ಸಂರಕ್ಷಿತ ಪಟ್ಟಿಯಲ್ಲಿದ್ದ ಮನೆಗಳ ಅನುಮೋದಿತ ಮಾರ್ಪಾಡಿಗೆ ಇದ್ದ ರಿಯಾಯಿತಿಯನ್ನೂ 2012ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಒಂದು ಕೈಯಿಂದ ಅನುದಾನ ಕೊಟ್ಟು ಇನ್ನೊಂದು ಕೈಯಿಂದ ತೆರಿಗೆ ಕಿತ್ತುಕೊಳ್ಳುವುದು ಯಾವ ನೀತಿ? ಉಳಿಸುವವರಿಗೆ ದಂಡ ಹಾಕುವ ಈ ದರ ಬದಲಾಗಲೇಬೇಕು.

[ದೃಶ್ಯ: ಕಡತ, ಅಳತೆಪಟ್ಟಿ, ಕಟ್ಟಡದ ನಕ್ಷೆ.]

ಅರ್ಜಿ ಹಾಕುವವರು ಮೊದಲು ನಗರಾಡಳಿತದ ಸಂರಕ್ಷಣಾ ಅಧಿಕಾರಿಯನ್ನು ಕಾಣಬೇಕು. ಯಾವ ಯೋಜನೆ ತೆರೆದಿದೆ ಎಂದು ಅವರಿಗೆ ಗೊತ್ತಿರುತ್ತದೆ. ಹಳೆಯ ಕಟ್ಟಡಗಳಲ್ಲಿ ಪಳಗಿದ ವಾಸ್ತುಶಿಲ್ಪಿಯ ವರದಿ, ಗುತ್ತಿಗೆದಾರರ ದರಪಟ್ಟಿಗಳು ಬೇಕಾಗುತ್ತವೆ. ಮಂಜೂರಾತಿ ಪತ್ರ ಕೈಸೇರುವ ಮೊದಲು ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ. ಶುರುವಾದ ಕೆಲಸಕ್ಕೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಹಣ ಬರುವುದೂ ಬಹುತೇಕ ಕೆಲಸ ನಡೆದ ಮೇಲೆ, ಬಿಲ್ಲು ತೋರಿಸಿದ ನಂತರ. ಅಲ್ಲಿಯವರೆಗೆ ಗುತ್ತಿಗೆದಾರರಿಗೆ ಕೊಡಲು ಬೇರೆ ಹಣ ಹೊಂದಿಸಿಕೊಂಡಿರಿ. ನಿಗದಿತ ವರ್ಷಗಳೊಳಗೆ ಕಟ್ಟಡ ಮಾರಿದರೆ ಅನುದಾನದ ಒಂದು ಭಾಗವನ್ನು ಹಿಂತಿರುಗಿಸಬೇಕಾದೀತು. ಆ ಷರತ್ತು ಎಷ್ಟು ವರ್ಷದ್ದು ಎಂಬುದನ್ನು ಸಹಿ ಹಾಕುವ ಮೊದಲೇ ಓದಿಕೊಳ್ಳಿ.