ಬಣ್ಣ ನೋಡಿ ಪ್ರೋಟೀನು ಅಳೆಯುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸವದತ್ತಿ, ರಾಮದುರ್ಗ, ಗೋಕಾಕದ ಕಡೆಯಿಂದ ಬೆಳಗಾವಿಯ ದವಾಖಾನೆಗೆ ಸುಸ್ತು, ದಮ್ಮು ಎಂದು ಬರುವ ಹೆಣ್ಣುಮಕ್ಕಳಿದ್ದಾರೆ. ಹಿಮೋಗ್ಲೋಬಿನ್ 12ರ ಮೇಲಿದ್ದರೆ ‘ರಕ್ತ ಚಲೋ ಐತಿ’ ಎಂಬ ಮಾತು ಕೇಳಿ ಸಮಾಧಾನಪಟ್ಟುಕೊಂಡು ಊರಿಗೆ ಹೋಗುತ್ತಾರೆ. ಆದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಮೊದಲು ಕರಗುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ಆ ಕಬ್ಬಿಣವನ್ನು ಹಿಡಿದಿಡುವ ಪ್ರೋಟೀನೇ ಫೆರಿಟಿನ್.

ಅದನ್ನು ಅಳೆಯುವುದು ಸುಲಭದ ಮಾತಲ್ಲ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವೇ ಸೀರಮ್. ಒಂದು ಮಿಲಿಲೀಟರ್ ಸೀರಮ್‌ನಲ್ಲಿ ಎಲ್ಲ ಪ್ರೋಟೀನು ಸೇರಿ 60ರಿಂದ 80 ಮಿಲಿಗ್ರಾಂ ಇರುತ್ತವೆ. ಫೆರಿಟಿನ್ ಇರುವುದು ನ್ಯಾನೋಗ್ರಾಂ ಲೆಕ್ಕದಲ್ಲಿ. ಒಂದು ಮಿಲಿಗ್ರಾಂ ಅಂದರೆ 10 ಲಕ್ಷ ನ್ಯಾನೋಗ್ರಾಂ. ಇಷ್ಟು ಕಡಿಮೆ ಇರುವುದನ್ನು ಅಳೆಯಲು ಮೊದಲು ಅಮೆರಿಕದ ವಿಜ್ಞಾನಿಗಳಾದ ಯಾಲೋ ಮತ್ತು ಬರ್ಸನ್ ಕಂಡುಹಿಡಿದ ವಿಕಿರಣದ ವಿಧಾನವಿತ್ತು. 1971ರಲ್ಲಿ ಸ್ಟಾಕ್‌ಹೋಮಿನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ವಿಕಿರಣದ ಜಾಗದಲ್ಲಿ ಬಣ್ಣ ಹುಟ್ಟಿಸುವ ಕಿಣ್ವವನ್ನು, ಅಂದರೆ ಎನ್‌ಜೈಮನ್ನು, ತಂದರು. ಅದೇ ಎಲೈಸಾ ಪರೀಕ್ಷೆ.

96 ಪುಟ್ಟ ಕುಳಿಗಳ ಪ್ಲಾಸ್ಟಿಕ್ ಪ್ಲೇಟು. ತಳದಲ್ಲಿ ಫೆರಿಟಿನ್ ಹಿಡಿಯುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಅಂಟಿರುತ್ತದೆ. ಉಳಿದ ಜಾಗವನ್ನು ಬೇರೊಂದು ಪ್ರೋಟೀನಿನಿಂದ ಮುಚ್ಚಿರುತ್ತಾರೆ. ಸೀರಮ್ ಹಾಕಿ, ಕಾಯ್ದು, ತೊಳೆಯುತ್ತೇವೆ. ಆಮೇಲೆ ಸಿಕ್ಕ ಫೆರಿಟಿನ್‌ಗೆ ಅಂಟುವ, ಕಿಣ್ವ ಹೊತ್ತ ಎರಡನೇ ಪ್ರತಿಕಾಯ, ಮತ್ತೆ ತೊಳೆತ. ಕಿಣ್ವ ತಾಗಿದರೆ ಬಣ್ಣ ಬರುವ ಟಿಎಂಬಿ ದ್ರಾವಣ ಹಾಕಿದರೆ ನೀಲಿ ಏರುತ್ತದೆ, ಆಸಿಡ್ ಬಿದ್ದೊಡನೆ ಹಳದಿಯಾಗುತ್ತದೆ. ಫೆರಿಟಿನ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಆ ಹಳದಿಯನ್ನು ರೀಡರ್ ಯಂತ್ರ 450 ನ್ಯಾನೋಮೀಟರಿನಲ್ಲಿ ಓದುತ್ತದೆ.

ಲ್ಯಾಬ್ ಕಲಿಯುವ ಮಕ್ಕಳಿಗೆ ನಾನು ಒತ್ತಿ ಹೇಳುವುದು ಆ ತೊಳೆತದ ಬಗ್ಗೆ. ಕಿಣ್ವದ ಒಂದೊಂದು ಕಣವೂ ಸಾವಿರಾರು ಬಣ್ಣದ ಕಣಗಳನ್ನು ಹುಟ್ಟಿಸುತ್ತದೆ. ಈ ವಿಧಾನದ ಬಲ ಅದೇ, ಅಪಾಯವೂ ಅದೇ. ಕುಳಿಯಲ್ಲಿ ಅಂಟದೆ ಉಳಿದ ಕಿಣ್ವವೂ ಬಣ್ಣ ಕೊಡುತ್ತದೆ. ಕಬ್ಬಿಣವಿಲ್ಲದವಳಿಗೆ ಕಬ್ಬಿಣ ಇದೆಯೆಂದು ರಿಪೋರ್ಟ್ ಹೋಗುತ್ತದೆ. ಪ್ರತಿ ಸಲ ಕುಳಿ ತುಂಬ ತೊಳೆಯುವ ದ್ರಾವಣ ಹಾಕಬೇಕು, ಬೋರಲು ಹಾಕಿ ಕಾಗದದ ಮೇಲೆ ಬಡಿಯಬೇಕು. ಆದರೆ ಒಣಗಲು ಬಿಡಬಾರದು, ನಮ್ಮ ಏಪ್ರಿಲ್ ಬಿಸಿಲಿನಲ್ಲಂತೂ ಇದು ನೆನಪಿರಲಿ. ಫ್ರಿಜ್‌ನಿಂದ ತೆಗೆದ ಪ್ಲೇಟನ್ನು ಹಾಗೇ ಬಳಸಿದರೆ ಅಂಚಿನ ಕುಳಿಗಳು ಬೇಗ ಬೆಚ್ಚಗಾಗಿ ನಡುವಿನವಕ್ಕಿಂತ ಬೇರೆ ಉತ್ತರ ಕೊಡುತ್ತವೆ.

ಇನ್ನು, ಯಂತ್ರ ಕೊಡುವುದು ಬಣ್ಣದ ಗಾಢತೆ ಮಾತ್ರ. ಸಂತೆಯಲ್ಲಿ ತಕ್ಕಡಿಗೆ ತೂಕದ ಕಲ್ಲು ಬೇಕಲ್ಲ, ಹಾಗೆ ಇಲ್ಲಿ ಅಳತೆ ಗೊತ್ತಿರುವ ಫೆರಿಟಿನ್ ದ್ರಾವಣಗಳು ಬೇಕು. ಅವನ್ನು ಅದೇ ಪ್ಲೇಟಿನಲ್ಲಿ, ಅದೇ ಹೊತ್ತಿಗೆ, ಎರಡೆರಡು ಕುಳಿಗಳಲ್ಲಿ ಹಾಕಿ ಗ್ರಾಫ್ ಎಳೆಯಬೇಕು. ಕುಳಿ ಉಳಿಸಲು ನಿನ್ನೆಯ ಗ್ರಾಫಿನಿಂದ ಇವತ್ತಿನ ಸಂಖ್ಯೆ ಬರೆಯುವುದು ರೋಗಿಗೆ ಮಾಡುವ ಅನ್ಯಾಯ ಎಂದೇ ನಾನು ತಿಳಿಯುತ್ತೇನೆ. ಬಣ್ಣ ಗ್ರಾಫಿನ ತುದಿ ದಾಟಿದರೆ ಅಂದಾಜು ಬೇಡ. ಸೀರಮ್ ತೆಳು ಮಾಡಿ ಮತ್ತೆ ಅಳೆಯಿರಿ.

ಪ್ಲೇಟು ತುಂಬುವಷ್ಟು ಸ್ಯಾಂಪಲ್ ಕೂಡುವವರೆಗೆ ಕಾಯುವ ಲ್ಯಾಬ್‌ಗಳಲ್ಲಿ ರಿಪೋರ್ಟ್ ತಡವಾಗುತ್ತದೆ. ತಾಯಂದಿರು ಬೇಸರಪಡಬೇಡಿ.

ಕಡೆಗೊಂದು ಮುಖ್ಯ ಸಂಗತಿ. ಆರೋಗ್ಯವಾಗಿರುವ ವಯಸ್ಕರಲ್ಲಿ ಫೆರಿಟಿನ್ ಒಂದು ಮಿಲಿಲೀಟರಿಗೆ 15 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುವುದರಿಂದ ಅಂಥವರಿಗೆ ಆ ಗಡಿ 70. ಆದ್ದರಿಂದ ರಕ್ತ ಕೊಟ್ಟ ದಿನಗಳಲ್ಲಿ ಜ್ವರ, ಕೆಮ್ಮು, ಕೀಲುಬಾವು ಇದ್ದರೆ ಡಾಕ್ಟರ್ ಕೇಳುವ ಮುಂಚೆ ನೀವೇ ಹೇಳಿಬಿಡಿ.

ನಮಸ್ಕಾರ.